ಹಂಡ್ಯಾ ಮಲಗಿದ ಜಾಗ

ನನಗೆ ನಾಯಿಗಳೆಂದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಗುರುಪಾದನ ಮನಸ್ಸು ಬೆಣ್ಣೆ ಎಂದು ಯಾರೂ ಹೊಗಳುವುದು ಬೇಡ. ಲೋಕಾಪುರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅಲ್ಲಿಗೆ ಜೋಳ ಹೊತ್ತು ತರುವವರೆಲ್ಲ ಹಿಟ್ಟು ಬೀಸಿಸಿಕೊಂಡು ಹೋಗುತ್ತಾರೆ. ಯಲ್ಲಕ್ಕನೊಬ್ಬಳು ಮಾತ್ರ ಚೀಲಗಟ್ಟಲೆ ಬರೀ ನುಚ್ಚು ಒಡೆಸುತ್ತಾಳೆ.

"ಎಷ್ಟು ಸಣ್ಣ ಒಡೀಲಿ?" ಎಂದು ಕೇಳಿದರೆ, "ಹಲ್ಲ ಇಲ್ಲದಾವ್ರು ನುಂಗುವಷ್ಟು, ಅಣ್ಣಾ" ಎನ್ನುತ್ತಾಳೆ.

ಹಲ್ಲಿಲ್ಲದವರೆಂದರೆ ಆಕೆಯ ನಾಯಿಗಳು.

ಯಲ್ಲಕ್ಕ ಕುರಿ ಕಾಯುವ ಮನೆತನದವಳು, ಬೀರೇಶ್ವರನ ಭಕ್ತಳು. ಅಣ್ಣ ಅಮಸಿದ್ದಪ್ಪ ಹಿಂಡು ಹೊಡೆದುಕೊಂಡು ವರ್ಷದ ಬಹುಪಾಲು ಹೊರಗೇ ತಿರುಗುವವನು. ಕೆಲವು ವರ್ಷಗಳ ಹಿಂದೆ ಅವನ ಹಿರೇ ನಾಯಿ ಹಂಡ್ಯಾನ ಕಣ್ಣು ಮಂಜಾಗಿ, ಹಿಂಡಿನ ಜೊತೆ ನಡೆಯಲಾರದಾಯಿತು. "ನೋಡ್ಕೋ ತಂಗಿ" ಎಂದು ಬಿಟ್ಟುಹೋದ. ಇದನ್ನು ಕೇಳಿ ಬೇರೆ ಕುರಿಗಾರರೂ ತಮ್ಮ ಮುದಿ ನಾಯಿಗಳನ್ನು ತಂದು ಬಿಟ್ಟರು. ಬಸ್ ಸ್ಟ್ಯಾಂಡಿನ ಕುಂಟ ನಾಯಿಗಳಂತೂ ಯಾರ ಕರೆಗೂ ಕಾಯದೆ ತಾವೇ ಬಂದವು. ಬೇಟೆಗೆ ಹೆಸರಾದ ಮುಧೋಳ ನಾಯಿಗಳನ್ನು ಸಾಕುವ ತಿಮ್ಮಾಪುರಕ್ಕೆ ಮರಿ ಬೇಕೆಂದು ಎಲ್ಲೆಲ್ಲಿಂದಲೋ ಕಾರುಗಳು ಬರುತ್ತವೆ. ಅದೇ ಜಾತಿಯ ಮುದುಕಿ ನಾಯಿಯೊಂದನ್ನು ಯಾರೋ ಕಾರಿನಿಂದಲೇ ಇಳಿಸಿ, ಹಿಂದಿರುಗಿ ನೋಡದೆ ಹೋದರು. ಯಲ್ಲಕ್ಕ ಅದಕ್ಕೂ ಒಂದು ತಾಟು ಇಟ್ಟಳು.

ಇವೆಲ್ಲ ಇರುವುದು ಬಸಗೊಂಡಪ್ಪ ಸಾವುಕಾರನ ಹೊಲದಂಚಿನ ಹಳೇ ಬೆಲ್ಲದ ಗಾಣದ ಮನೆಯಲ್ಲಿ. ಗಾಣ ನಿಂತು ಬಹಳ ಕಾಲವಾಗಿತ್ತು. ಯಲ್ಲಕ್ಕ ಕೇಳಿದಾಗ, "ಖಾಲಿ ಬಿದ್ದೈತಿ, ಇಟ್ಕೋ" ಎಂದಿದ್ದ.

ಊರವರೂ ಕೈ ಬಿಡಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿತೆಂದರೆ ಮೊದಲು ಹೊರಡುವುದು ಕಡಕ್ ರೊಟ್ಟಿ. ಬಾಣಂತಿಗೆ, ಬೀಗರಿಗೆ, ಹಾಸ್ಟೆಲಿನ ಮಕ್ಕಳಿಗೆ ಹೋಗುವ ರೊಟ್ಟಿ ನಾಯಿಗಳಿಗೂ ಹೋಯಿತು. ಅದರಲ್ಲೂ ಸಾವುಕಾರನ ಹೆಂಡತಿ ಮಾದೇವಿ ಬಿಳೀ ಅರಿವೆಯಲ್ಲಿ ಸುತ್ತಿ ಸುತ್ತಿ ಕಳಿಸಿದಳು. ಹಪ್ಪಳದಂತೆ ಟಕ್ಕೆಂದು ಮುರಿಯುವ ರೊಟ್ಟಿ! ನಾಯಿಗಳು ಮೂಸಿ ನೋಡುವವು, ನೆಕ್ಕುವವು, ಕೊನೆಗೆ ಅದರ ಮೇಲೆ ಗದ್ದವಿಟ್ಟು ಮಲಗುವವು. ಕೊಟ್ಟವರ ಮನಸ್ಸು ಮುರಿಯಬಾರದೆಂದು ಯಲ್ಲಕ್ಕ ಬಾಯಿ ಬಿಡಲಿಲ್ಲ. ನನಗೆ ಬಾಯಿ ಕಟ್ಟಿ ಗೊತ್ತಿಲ್ಲ. ಗಿರಣಿಗೆ ಬಂದ ಮಾದೇವಿಗೆ ಹೇಳಿಯೇಬಿಟ್ಟೆ.

"ಅಕ್ಕಾರ, ನಿಮ್ಮ ರೊಟ್ಟಿ ನಾಯಿಗೋಳಿಗೆ ತಲೆದಿಂಬು ಆಗ್ಯಾವು."

ಮಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವತ್ತಿನಿಂದ ಆಕೆಯ ಮನೆಯಿಂದ ಜೋಳವೇ ಬರತೊಡಗಿತು, ಜೊತೆಗೆ ಒಂದು ಗಡಿಗೆ ಮಜ್ಜಿಗೆ.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಈ ಸಲದ ಕಬ್ಬಿನ ಹಂಗಾಮು ಬಂತು. ಸಾವುಕಾರ ಒಂದು ಮುಂಜಾನೆ ಗಾಣದ ಮನೆಯ ಮುಂದೆ ನಿಂತ.

"ಯಲ್ಲಕ್ಕ, ಕಬ್ಬು ಕಡ್ಯಾವ್ರ ಗ್ಯಾಂಗ್ ಬರಾಕತ್ತೈತಿ. ಅವ್ರಿಗೆ ಇಳಕೊಳ್ಳಾಕ ಜಾಗಾ ಬೇಕು. ವಾರದಾಗ ಖಾಲಿ ಮಾಡು."

"ಇವನ್ನ ಎಲ್ಲಿಗೆ ಒಯ್ಯಲ್ರಿ ಸಾವುಕಾರ್ರ?"

"ಹಲ್ಲ ಇಲ್ಲದ ನಾಯಿ ಯಾವ ಕೆಲಸಕ್ಕ ಬರ್ತೈತಿ? ಬಂದ ಹಾದೀಲೇ ಹೋಗ್ತಾವು, ಬಿಡು."

ಯಲ್ಲಕ್ಕ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ನನಗೇ ಸಿಟ್ಟು ನೆತ್ತಿಗೇರಿತ್ತು. ಆಕೆಯ ಮನೆಯೆಂದರೆ ಒಂದು ಕೋಣೆ, ಒಂದು ಪಡಸಾಲೆ. ಹಂಡ್ಯಾನನ್ನು ಅಲ್ಲಿಗೆ ಕರೆದೊಯ್ದಳು. ಗಾಣದ ಮನೆಯಲ್ಲೇ ಉಳಿದವುಗಳಿಗಾಗಿ ಊರಲ್ಲಿ ಹತ್ತಾರು ಬಾಗಿಲು ತಟ್ಟಿದಳು. ನುಚ್ಚು ಕೊಡುವವರು ಬೇಕಾದಷ್ಟು ಸಿಕ್ಕರು, ಅಂಗಳ ಕೊಡುವವರು ಸಿಗಲಿಲ್ಲ. ನಾನೂ ಕೊಡಲಿಲ್ಲ. ನನಗೆ ನಾಯಿ ಆಗುವುದಿಲ್ಲ ಎಂದು ಹೇಳಿದೆನಲ್ಲ.

ಅಷ್ಟರಲ್ಲಿ ಅಮಸಿದ್ದಪ್ಪನ ಹಿಂಡು ಊರಿಗೆ ಮರಳಿತು. ಸಾವುಕಾರ ಕುಣಿದಾಡಿಬಿಟ್ಟ. ಬರುವ ವರ್ಷ ಅರಿಶಿನ ಹಾಕಲೆಂದು ಒಂದು ಹೊಲ ಖಾಲಿ ಬಿಟ್ಟಿದ್ದ. ಕುರಿಗಳು ಅಲ್ಲಿ ರಾತ್ರಿ ತಂಗಿದರೆ ಆ ಗೊಬ್ಬರಕ್ಕೆ ಸಾಟಿಯಿಲ್ಲ. ಆದರೆ ಅಮಸಿದ್ದಪ್ಪನ ಮನೆತನದಲ್ಲಿ ಒಂದು ರೂಢಿಯಿದೆ. ಊರಿಗೆ ಮರಳಿದ ಮೊದಲ ದಿನ ಹಿಂಡನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಹಿರೇ ನಾಯಿ. ಅದನ್ನು ಬಿಡುತ್ತಾರೆ, ಅದು ಸುತ್ತಿ ಮಲಗಿದಲ್ಲೇ ಕುರಿಗಳೂ ಮಲಗಬೇಕು.

"ಹಂಡ್ಯಾ ಬರ್ಲಿರಿ ಮೊದಲ," ಎಂದ ಅಮಸಿದ್ದಪ್ಪ.

"ಅದಕ್ಕ ಕಣ್ಣ ಕಾಣಂಗಿಲ್ಲೋ ಮಾರಾಯಾ!"

"ಮೂಗ ಐತಲ್ರಿ."

ಸಾವುಕಾರ ತಾನೇ ಟ್ರ್ಯಾಕ್ಟರ್ ತೆಗೆದುಕೊಂಡು ಯಲ್ಲಕ್ಕನ ಮನೆಗೆ ಹೋದ. ಹಂಡ್ಯಾನನ್ನು ಎತ್ತಿ ಟ್ರೇಲರಿನಲ್ಲಿ ಕೂರಿಸಿದ. ಇಸ್ತ್ರಿ ಧೋತರಕ್ಕೆಲ್ಲ ಕೂದಲು ಮೆತ್ತಿಕೊಂಡಿತು. ಯಲ್ಲಕ್ಕನೂ ಹತ್ತಿದಳು. ಇಂಥ ತಮಾಷೆ ಬಿಡುವುದುಂಟೇ? ಗಿರಣಿ ಬಂದ್ ಮಾಡಿ ನಾನೂ ಹಿಂದೆಯೇ ಹೋದೆ.

ಹೊಲದ ನಟ್ಟನಡುವೆ ಹಂಡ್ಯಾನನ್ನು ಇಳಿಸಿದ ಸಾವುಕಾರ, "ಮಲಗಪಾ ಇಲ್ಲೇ" ಎಂದು ಮಗುವನ್ನು ರಮಿಸುವಂತೆ ನೆಲ ತಟ್ಟಿದ. ಹಂಡ್ಯಾ ಮೂಗೆತ್ತಿ ಗಾಳಿ ಹಿಡಿಯಿತು. ಮೆಲ್ಲಗೆ ಹೊಲ ದಾಟಿತು, ಬದು ಏರಿ ಇಳಿಯಿತು, ಒಮ್ಮೆ ಮುಗ್ಗರಿಸಿ ಎದ್ದಿತು. ನೆಟ್ಟಗೆ ಗಾಣದ ಮನೆಯ ಬಾಗಿಲಿಗೆ ಹೋಗಿ ಒಂದು ಸುತ್ತು ಸುತ್ತಿ ಮಲಗಿಬಿಟ್ಟಿತು. ಒಳಗಿದ್ದ ಮುದಿ ನಾಯಿಗಳು ಒಂದೊಂದಾಗಿ ಬಂದು ಅದನ್ನು ಮೂಸಿದವು. ಅಮಸಿದ್ದಪ್ಪ ಸಿಳ್ಳು ಹಾಕಿದ. ಇಡೀ ಹಿಂಡು ಅರಿಶಿನದ ಹೊಲ ಬಿಟ್ಟು, ಜಾಲಿಯೂ ಬೆಳೆಯದ ಆ ಕಲ್ಲುನೆಲದಲ್ಲಿ ಹೋಗಿ ಕೂತಿತು.

"ಅದನ್ನ ಎಬ್ಬಸೋ!" ಸಾವುಕಾರ ಹೌಹಾರಿದ.

"ಎಬ್ಬಸಂಗಿಲ್ರಿ. ನಾಳಿಂದ ನಿಮ್ಮ ಹೊಲಾನ ಆತು. ಇವತ್ತು ಅವ ಹೇಳಿದಂಗ."

ನಾನು ನಗು ತಡೆಯಲಾರದೆ ಅತ್ತ ತಿರುಗಿದೆ. ಯಲ್ಲಕ್ಕ ನಗಲಿಲ್ಲ. ಹಂಡ್ಯಾನ ಪಕ್ಕ ಕುಳಿತು ಅದರ ಕಿವಿ ಸವರುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಅದನ್ನು ನೋಡಿ, ನಾನೇ ಅಂಗಳ ಕೊಡಬಹುದಿತ್ತು ಅನ್ನಿಸಿತು.

ಹೊತ್ತು ಮುಳುಗುವಾಗ ಮಾದೇವಿ ಕುರಿಗಾರರಿಗೆ ಬುತ್ತಿ ತಂದಳು. ಎಲ್ಲರಿಗೂ ರೊಟ್ಟಿ ಪಲ್ಯ ಬಡಿಸಿ, ಗಂಡನ ಮುಂದೆ ಮಾತ್ರ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯ ತಾಟು ಇಟ್ಟಳು. ಸಾವುಕಾರನ ಹಲ್ಲು ಉದುರಿ ವರ್ಷವಾಗಿತ್ತು.

"ಗ್ಯಾಂಗ್ ಬಂದ್ರ ಇವನ್ನೆಲ್ಲಾ ಎಲ್ಲಿ ಹಾಕ್ತೀರಿ?" ಎಂದಳು.

"ಹಲ್ಲ ಇಲ್ಲದವನ್ನ ಇಟ್ಕೊಂಡು..." ಸಾವುಕಾರ ಶುರು ಮಾಡಿದ.

"ಹಂಗಾರ ನಿಮ್ಮನ್ನ ಎಲ್ಲಿ ಹಾಕ್ಲಿ?"

ಕುರಿಗಾರರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಸಾವುಕಾರ ತಾಟು ನೋಡಿದ, ಹಂಡ್ಯಾನನ್ನು ನೋಡಿದ. ಆಮೇಲೆ ಎದ್ದು ಹಂಡ್ಯಾನ ಬಳಿ ಹೋಗಿ, ಕುಕ್ಕರಗಾಲಲ್ಲಿ ಕೂತು, ತಾಟನ್ನು ಇಬ್ಬರ ನಡುವೆ ಇಟ್ಟ. ಹಂಡ್ಯಾ ಮೂಸಿ, ಲಪಲಪನೆ ತಿನ್ನತೊಡಗಿತು.

"ಗ್ಯಾಂಗಿನವ್ರಿಗೆ ಹೊಲದಾಗ ಗುಡಸಲಾ ಹಾಕಸ್ತೇನಿ," ಎಂದ ಸಾವುಕಾರ, ಯಾರ ಮುಖವನ್ನೂ ನೋಡದೆ. "ಯಲ್ಲಕ್ಕ, ಉಳಿದಾವಕ್ಕ ನುಚ್ಚ ಇಡು. ಇವಂದು ನನ್ನ ತಾಟಿನಾಗ ಆತು."