ಎತ್ತಿ ಕುಡಿದ ಬಟ್ಟಲು

ನಮ್ಮಮ್ಮನ ಕೈಗೆ ರೇಷ್ಮೆ ಹುಳದ ವಾಸನೆ ಇತ್ತು. ಶಿಡ್ಲಘಟ್ಟದಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಬಿಸಿನೀರಿನ ಬಾಣಲೆಯಲ್ಲಿ ದಿನವಿಡೀ ಕೈಯದ್ದಿ, ಬೆಂದ ಗೂಡಿನಿಂದ ನೂಲಿನ ಎಳೆ ಹುಡುಕುವವಳ ಬೆರಳುಗಳು ಬಿಳಿಚಿಕೊಂಡು ಬಿರಿದಿರುತ್ತವೆ, ಆ ಬಿರುಕುಗಳಲ್ಲಿ ವಾಸನೆ ಮನೆ ಮಾಡಿಕೊಂಡಿರುತ್ತದೆ. ಪ್ರತಿ ಶನಿವಾರ ಸಂಜೆ ಅಮ್ಮ ಹುಣಸೆಹಣ್ಣು ಹಾಕಿ ಕೈ ಉಜ್ಜುತ್ತಿದ್ದಳು, ಆಮೇಲೆ ನಿಂಬೆ ಎಲೆ, ಆಮೇಲೆ ಕೆಂಪು ಸೋಪು. ಭಾನುವಾರ ಬೆಳಿಗ್ಗೆ ನಾವು ಚರ್ಚಿನ ಬಾಗಿಲು ಮುಟ್ಟುವ ಹೊತ್ತಿಗೆ ವಾಸನೆ ನಮಗಿಂತ ಮೊದಲೇ ಬಂದು ಕೂತಿರುತ್ತಿತ್ತು.

ಹೆಂಚಿನ ಮಾಡಿನ ಪುಟ್ಟ ಚರ್ಚು. ಮುಂದೆ ಕೆಲವು ಬೆಂಚು, ಹಿಂದೆ ಜಮಖಾನ. ಬೆಂಚಿನ ಮೇಲೆ ಯಾರ ಹೆಸರೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಅಲ್ಲಿ ಕೂರುವವರು ನಿವೃತ್ತ ಹೆಡ್‌ಮಾಸ್ಟರು, ಕಾಂಪೌಂಡರು ಮತ್ತು ಅವರ ಸಂಸಾರಗಳು. 'ಹಳೇ ಕ್ರೈಸ್ತರು' ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತಿದ್ದರು. ಅವರ ಅಜ್ಜಂದಿರೂ ನಮ್ಮ ಅಜ್ಜಂದಿರೂ ಒಂದೇ ಕೇರಿಯವರು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೊದಲ ಸ್ಟಾಪಿನಲ್ಲಿ ಬಸ್ಸು ಹತ್ತಿದವರು ಕಿಟಕಿ ಸೀಟು ಹಿಡಿಯುವಂತೆ ಅವರು ಎರಡು ತಲೆಮಾರು ಮೊದಲು ದೀಕ್ಷಾಸ್ನಾನ ಪಡೆದು ಬೆಂಚು ಹಿಡಿದಿದ್ದರು, ಅಷ್ಟೇ. ಯೇಸು ಮೀನುಗಾರರನ್ನು ಶಿಷ್ಯರನ್ನಾಗಿ ಕರೆದ ಕತೆ ಓದುವಾಗ ಹೆಡ್‌ಮಾಸ್ಟರ ಕಣ್ಣಲ್ಲಿ ನೀರಾಡುತ್ತಿತ್ತು. ಎರಡು ಸಾವಿರ ವರ್ಷದ ಹಿಂದಿನ ಮೀನಿನ ವಾಸನೆ ಪವಿತ್ರ, ನಿನ್ನೆಯ ಹುಳದ ವಾಸನೆ ಬರೀ ವಾಸನೆ.

ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಕರ್ತನ ಭೋಜನದಲ್ಲಿ, ಯೇಸುವಿನ ರಕ್ತವೆಂದು ದ್ರಾಕ್ಷಾರಸವನ್ನು ಎಲ್ಲರೂ ಕುಡಿಯುವ ಬಟ್ಟಲಿನಿಂದ ತಾನೂ ಒಂದು ಗುಟುಕು ಕುಡಿಯಬೇಕು. ಅವಳು ಹುಟ್ಟಿದ ಹಳ್ಳಿಯ ಹೋಟೆಲಿನಲ್ಲಿ ನಮ್ಮವರ ಲೋಟ ಬೇರೆ, ಹೊರಗಿನ ಸೂರಿಗೆ ಸಿಕ್ಕಿಸಿರುತ್ತಿತ್ತು. ಟೀ ಕುಡಿದು, ತಾವೇ ತೊಳೆದು, ಮತ್ತೆ ಅಲ್ಲಿಗೇ ಸಿಕ್ಕಿಸಿ ಬರಬೇಕು. ಅಂಥ ಊರಿನವಳಿಗೆ ಎಲ್ಲರಿಗೂ ಒಂದೇ ಬಟ್ಟಲು ಎಂದರೆ ಏನೆಂದು ಬೆಂಚಿನವರಿಗೆ ಹೇಗೆ ತಿಳಿಯಬೇಕು? ಬಟ್ಟಲು ಮುಟ್ಟಬೇಕಾದರೆ ಮೊದಲು ಧರ್ಮಪಾಠದ ಪರೀಕ್ಷೆ ಪಾಸಾಗಬೇಕಿತ್ತು. ಓದು ಬಾರದ ಅಮ್ಮ ನನ್ನಿಂದ ಪಾಠ ಓದಿಸಿ, ನೂಲು ತೆಗೆಯುತ್ತಲೇ ಬಾಯಿಪಾಠ ಮಾಡಿದಳು. ಹೆಡ್‌ಮಾಸ್ಟರು ಉಳಿದವರಿಗೆ ಕೇಳುವುದಕ್ಕಿಂತ ಎರಡರಷ್ಟು ಪ್ರಶ್ನೆ ಕೇಳಿದರು. ಅಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಬೇರೆ ದಾರಿಯಿಲ್ಲದೆ ಪಾಸು ಮಾಡಿದರು.

ನಮ್ಮ ಪಾದ್ರಿಗಳು, ಅಂದರೆ ಅಯ್ಯನವರು, ತಿಂಗಳ ಮೊದಲ ಭಾನುವಾರ ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆ ಸಲ ಬಂದವರು ಹೊಸಬರು, ಇನ್ನೂ ಹುಡುಗುಮುಖ, ನಮ್ಮ ಬೆಂಚು ಜಮಖಾನದ ಭೂಗೋಳ ಅರಿಯದವರು. "ಇವತ್ತು ಹೊಸದಾಗಿ ತಗೊಳ್ಳೋರು ಮೊದಲು ಬನ್ನಿ" ಎಂದುಬಿಟ್ಟರು. ಅಮ್ಮ ಎದ್ದು ಹೋಗಿ ಮುಂದೆ ಮೊಣಕಾಲೂರಿದಳು. ಯಾವತ್ತೂ ಮೊದಲನೆಯವರಾಗಿರುತ್ತಿದ್ದ ಹೆಡ್‌ಮಾಸ್ಟರ ಹೆಂಡತಿ ಅಂದು ಎರಡನೆಯವರಾದರು.

ಅಮ್ಮ ಕುಡಿದಳು. ಅಯ್ಯನವರು ಬಟ್ಟಲಿನ ಅಂಚು ಒರೆಸಿ ಪಕ್ಕದಲ್ಲಿದ್ದ ಹೆಡ್‌ಮಾಸ್ಟರ ಹೆಂಡತಿಗೆ ಕೊಟ್ಟರು. ಆಕೆ ಬಟ್ಟಲನ್ನು ಎರಡೂ ಕೈಯಲ್ಲಿ ಈಸಿಕೊಂಡು, ಕತ್ತು ಹಿಂದಕ್ಕೆ ಬಗ್ಗಿಸಿ, ತುಟಿಗೆ ತಾಕಿಸದೆ ಗೇಣೆತ್ತರದಿಂದ ಎತ್ತಿ ಸುರಿದುಕೊಂಡರು. ಎತ್ತಿ ಕುಡಿಯುವುದು ನಮ್ಮ ಕಡೆ ಎಲ್ಲರಿಗೂ ಅಭ್ಯಾಸವೇ. ಆದರೆ ಚೊಂಬಿಗೆ ಕಂಠ ಇರುತ್ತದೆ, ಭೋಜನದ ಬಟ್ಟಲಿಗೆ ಇದ್ದದ್ದು ಅಗಲ ಬಾಯಿ. ಚಿಕ್ಕಬಳ್ಳಾಪುರದ ಕಪ್ಪು ದ್ರಾಕ್ಷಿ ತರಿಸಿ ಆಕೆಯೇ ಮನೆಯಲ್ಲಿ ಲವಂಗ ಹಾಕಿ ಕುದಿಸಿದ್ದ ರಸ ಮೂಗು, ಗಲ್ಲ, ಕೊರಳು ಇಳಿದು ಕೆನೆಬಣ್ಣದ ರೇಷ್ಮೆ ಸೀರೆಯ ತುಂಬ ಹರಿಯಿತು. "ಅಯ್ಯೋ ದೇವುಡಾ, ಪಟ್ಟು ಚೀರ!" ಎಂದು ಕಾಂಪೌಂಡರ ಹೆಂಡತಿ ತೆಲುಗಿನಲ್ಲಿ ಚೀರಿದರು. ಒಂದು ನಿಮಿಷದ ಹಿಂದೆ ಅದು ಕರ್ತನ ರಕ್ತವಾಗಿತ್ತು, ಈಗ ಎಲ್ಲರಿಗೂ ಸೀರೆಯದೇ ಚಿಂತೆ. ಆ ಸೀರೆಯ ನೂಲನ್ನೂ ನಮ್ಮಮ್ಮನಂಥ ಯಾರೋ ತೆಗೆದದ್ದು. ಅದಕ್ಕೆ ಮಾತ್ರ ವಾಸನೆ ಇರಲಿಲ್ಲ.

ವಾರದೊಳಗೆ ಚರ್ಚಿನ ಕಮಿಟಿ ಸೇರಿತು. "ಆರೋಗ್ಯದ ದೃಷ್ಟಿಯಿಂದ ಕಣ್ರಪ್ಪ. ಟೀಬಿ, ಜಾಂಡೀಸು, ಕಾಲ ಕೆಟ್ಟೋಗಿದೆ" ಎಂದರು ಹೆಡ್‌ಮಾಸ್ಟರು. ಅಮ್ಮ ಬಟ್ಟಲು ಮುಟ್ಟಿದ ಮೇಲೆಯೇ ಆ ಕಾಯಿಲೆಗಳು ನಮ್ಮ ತಾಲ್ಲೂಕಿಗೆ ಬಂದವೆಂದು ಕಾಣುತ್ತದೆ. ಬೆಂಗಳೂರಿನಿಂದ ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಲೋಟಗಳು ಬಂದವು, ತಲೆಗೊಂದರಂತೆ. ಅಯ್ಯನವರು ಬೇಡವೆಂದು ಮೆಲ್ಲಗೆ ಹೇಳಿ ನೋಡಿದರು. ಮೆಲ್ಲಗೆ ಹೇಳಿದ್ದು ಕಮಿಟಿಯ ಕಿವಿಗೆ ಬೀಳಲಿಲ್ಲ.

ಲೋಟಗಳೇನೋ ಬಂದವು, ತೊಳೆಯುವವರು ಯಾರು? ಬೆರಳು ಒಳಗೆ ಹೋಗದ ಲೋಟ, ಬಟ್ಟೆ ಹುರಿ ಮಾಡಿ ತೂರಿಸಿ ಒಂದೊಂದನ್ನೇ ತಿರುಗಿಸಬೇಕು. ಎರಡು ತಿಂಗಳು ಬೆಂಚಿನ ಹೆಂಗಸರು ತೊಳೆದರು. ಮೂರನೆಯ ತಿಂಗಳು ಹೆಡ್‌ಮಾಸ್ಟರ ಹೆಂಡತಿ ನಮ್ಮ ಮನೆ ಬಾಗಿಲಿಗೆ ಬಂದು, "ಲೋಟ ತೊಳೆಯೋ ಸೇವೆ ನಿನ್ ಭಾಗ್ಯಕ್ಕೆ ಬಂದಿದೆ ಕಣಮ್ಮ" ಎಂದರು. ಅಮ್ಮ ಹೂಂ ಅಂದಳು. ಹೀಗೆ, ಒಬ್ಬಳ ಕೈ ಸೋಕಬಾರದೆಂದು ತರಿಸಿದ ಲೋಟಗಳು ಒಂದೂ ಬಿಡದೆ ಅವಳ ಕೈಯೊಳಗಿಂದಲೇ ಹಾದು ಅವರ ಬಾಯಿಗೆ ಹೋಗತೊಡಗಿದವು. ಓದು ಬರಹ ಬಲ್ಲ ಅಷ್ಟು ಜನ ಕೂತು ಮಾಡಿದ ಕೆಲಸ ಇದು.

ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದ ನಾನು ಮೊದಲು ಹೊಟ್ಟೆ ತುಂಬ ನಕ್ಕೆ, ಆಮೇಲೆ ಅಮ್ಮನ ಮೇಲೆ ಹರಿಹಾಯ್ದೆ. "ನಿಂಗೆ ತಿಳಿಯಲ್ವೇನಮ್ಮ ಅವ್ರು ಮಾಡ್ತಿರೋದು?"

"ತಿಳೀದೆ ಏನೇ? ಊರಲ್ಲಿ ನನ್ ಲೋಟ ಮಾತ್ರ ತೊಳೀತಿದ್ದೆ. ಇಲ್ಲಿ ಎಲ್ರುದ್ದೂ ತೊಳೀತೀನಿ" ಎಂದಳು. ಬಾಣಲೆಯ ಗೂಡು ತಿರುವುತ್ತ, "ಆದ್ರೂ ಒಂದ್ ಸಲ ಸರಿಯಾಗಿ ಒಟ್ಗೆ ಕುಡೀಬೇಕಿತ್ತು ಕಣೇ" ಎಂದಳು.

ಎರಡು ವರ್ಷ ಹೀಗೇ ಕಳೆಯಿತು. ಚರ್ಚಿನ ವಾರ್ಷಿಕೋತ್ಸವಕ್ಕೆ ಗೌರಿಬಿದನೂರಿನ ಕಡೆಯಿಂದ ಹಿರಿಯ ಪಾದ್ರಿಗಳೊಬ್ಬರು ಬಂದಿದ್ದರು. ಎಲ್ಲರೂ ಲೋಟ ಹಿಡಿದಿರುವಾಗ ತಮ್ಮದನ್ನು ಬೆಳಕಿಗೆ ಹಿಡಿದು, "ಎಷ್ಟು ಫಳಫಳ ಅಂತಿದೆ! ಯಾರು ತೊಳೆಯೋರು?" ಎಂದು ಮೆಚ್ಚಿಕೊಂಡರು. ಎಲ್ಲರ ಕಣ್ಣು ಹೆಡ್‌ಮಾಸ್ಟರ ಹೆಂಡತಿಯ ಕಡೆ ತಿರುಗಿತು, ಆಕೆಯ ಕಣ್ಣು ನೆಲದ ಕಡೆ. ಹಿಂದಿನ ಜಮಖಾನದಿಂದ ಅಮ್ಮ, "ನಾನೇ ಅಯ್ಯನೋರೇ. ಎರಡು ವರ್ಷದಿಂದ ನಾನೇ" ಎಂದಳು. ಕಾಂಪೌಂಡರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಬಾಯಲ್ಲಿದ್ದ ರಸವನ್ನು ಉಗುಳುವಂತಿಲ್ಲ, ನುಂಗುವ ಮನಸ್ಸಿಲ್ಲ, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದ ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಗೆ ನುಂಗಿದರು.

ಮುಂದಿನ ತಿಂಗಳು "ಪಾಪ, ನಿನಗೂ ಮನೆ ಕೆಲಸ ಜಾಸ್ತಿ" ಎಂದು ಅಮ್ಮನನ್ನು ಸೇವೆಯಿಂದ ಬಿಡಿಸಿದರು. ಮತ್ತೆ ಬೆಂಚಿನವರ ಸರದಿ. ಒಬ್ಬರಿಗೆ ಸೊಂಟನೋವು ಬಂತು, ಇನ್ನೊಬ್ಬರಿಗೆ ನೆಂಟರು ಬಂದರು. ಎರಡು ತಿಂಗಳಿಗೆ ಹೆಡ್‌ಮಾಸ್ಟರ ಹೆಂಡತಿ ಮತ್ತೆ ನಮ್ಮ ಬಾಗಿಲಿಗೆ ಬಂದರು. "ಯಾರ್ಗೂ ಹೇಳ್ಬೇಡ ಕಣಮ್ಮ, ನೀನೇ ತೊಳ್ಕೊಟ್ಬಿಡು."

ಅಮ್ಮ ಬಾಣಲೆಯಿಂದ ಕೈ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಅಷ್ಟೊಂದು ನನ್ ಕೈಲಾಗಲ್ಲ ತಾಯಿ. ಒಂದೇ ಬಟ್ಟಲು ಆದ್ರೆ ತೊಳ್ಕೊಡ್ತೀನಿ."

ಮುಂದಿನ ಮೊದಲ ಭಾನುವಾರ ಹೆಡ್‌ಮಾಸ್ಟರು ಎದ್ದು ನಿಂತು, ಆದಿ ಸಭೆಯ, ಅಂದರೆ ಮೊದಲ ಕ್ರೈಸ್ತರ, ಮಾದರಿಗೆ ನಾವು ಮರಳುತ್ತಿದ್ದೇವೆ, ಇನ್ನು ಮುಂದೆ ಒಂದೇ ಬಟ್ಟಲು ಎಂದು ಗಂಭೀರವಾಗಿ ಪ್ರಕಟಿಸಿದರು. ಸಮಾನತೆಯ ಮೇಲೆ ಆಮೇಲೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ನಮ್ಮ ಚರ್ಚಿಗೆ ಅದು ಬಂದದ್ದು ಲೋಟ ತೊಳೆಯುವ ಸೋಮಾರಿತನದಿಂದ.

ಅಂದು ಹೆಡ್‌ಮಾಸ್ಟರ ಹೆಂಡತಿ ಹತ್ತಿ ಸೀರೆ ಉಟ್ಟು ಬಂದಿದ್ದರು. ಭೋಜನದ ಭಾನುವಾರ ಆಕೆ ರೇಷ್ಮೆ ಬಿಟ್ಟು ಬೇರೇನನ್ನಾದರೂ ಉಟ್ಟದ್ದನ್ನು ನಾನು ನೋಡಿರಲಿಲ್ಲ. ಬಟ್ಟಲು ತೊಳೆದು ತಂದ ಅಮ್ಮನನ್ನೇ ಅಯ್ಯನವರು ಮೊದಲು ಕರೆದರು. ಅವಳು ಕುಡಿದ ಮೇಲೆ ಆಕೆ ಕತ್ತು ಹಿಂದಕ್ಕೆ ಬಗ್ಗಿಸಿ ಬಟ್ಟಲಿಗೆ ಕೈ ಚಾಚಿದರು. ಅಯ್ಯನವರು ಬಟ್ಟಲು ಬಿಡಲಿಲ್ಲ. ಎರಡು ವರ್ಷದಲ್ಲಿ ಅವರೂ ನಮ್ಮ ಭೂಗೋಳ ಕಲಿತಿದ್ದರು. ಆಕೆಯ ತುಟಿಯ ಹತ್ತಿರ ಹಿಡಿದುಕೊಂಡು ಸುಮ್ಮನೆ ನಿಂತರು. ಆಕೆ ಎಳೆದು ನೋಡಿದರು, ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಕಡೆಗೆ ಕತ್ತು ಇಳಿಯಿತು, ತುಟಿ ಅಂಚಿಗೆ ತಾಕಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ನಗುತ್ತಿದ್ದೆ. "ಹೆಂಗ್ ಸಿಕ್ಕಾಕೊಂಡ್ರು ನೋಡ್ದೇನಮ್ಮ!"

ಅಮ್ಮ ನಗಲಿಲ್ಲ. "ನಾನ್ ಸೀರೆ ನೋಡ್ದೆ ಕಣೇ" ಎಂದಳು. "ಬೆಳಿಗ್ಗೆ ಎದ್ದು, ನನಗೋಸ್ಕರ ಅಂತ ಬೇರೆ ಸೀರೆ ತೆಗ್ದಿಟ್ಕೊಂಡಿದಾರೆ."

ಮುಂದಿನ ಶನಿವಾರ ಸಂಜೆ ಅವಳು ಕೈಗೆ ಹುಣಸೆಹಣ್ಣು ಹಚ್ಚಲಿಲ್ಲ, ನಿಂಬೆ ಎಲೆಯನ್ನೂ ಮುಟ್ಟಲಿಲ್ಲ. ಭಾನುವಾರ ಹಾಗೇ ಚರ್ಚಿಗೆ ಹೋದಳು. ಜಮಖಾನ ದಾಟಿ ಮುಂದೆ ನಡೆದು, ಮೊದಲ ಬೆಂಚಿನಲ್ಲಿ ಹೆಡ್‌ಮಾಸ್ಟರ ಹೆಂಡತಿಯ ಪಕ್ಕ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು.