ಖಾಲಿ ಕೋಣೆಯ ಕಿಂಡಿ

ಒಲೆ ರಿಪೇರಿಯ ವೈನೊ ಮೊದಲ ಸಲ ಬಂದ ದಿನ, ಅಮೆರಿಕದ ಚಳಿಯೂರು ಡುಲುತ್‌ನಲ್ಲಿ ಇರ್ಮಾಳ ಮನೆಯ ನೆಲಮಾಳಿಗೆಯಲ್ಲಿ ಬಿಸಿಗಾಳಿ ಒಲೆ ಹತ್ತು ನಿಮಿಷ ಉರಿದು ಆರಿಹೋಗುತ್ತಿತ್ತು. ಚಳಿಗೆ ಕೊಳಾಯಿಯ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುವ ಮೊದಲು ಅದು ಸರಿಯಾಗಬೇಕಿತ್ತು. ಅವನು ಬಿಸಿಗಾಳಿಯನ್ನು ಕೋಣೆಗಳಿಗೆ ಒಯ್ಯುವ ತಗಡಿನ ಕೊಳವೆಗೆ ಸಣ್ಣ ತೂತು ಕೊರೆದು, ಒತ್ತಡದ ಮಾಪಕ ಸಿಕ್ಕಿಸಿದ.

"ಏನಮ್ಮಾ, ಇದರ ಕತ್ತು ಹಿಸುಕಿದ್ದು ಯಾರು?"

"ನಾನೇ ಕಣಪ್ಪ. ಯಜಮಾನ್ರು ಹೋದ್ಮೇಲೆ ಅವರ ಕೋಣೆಗೆ ಬಿಸಿಗಾಳಿ ಬರೋ ಕಿಂಡಿಗಳನ್ನ ಮುಚ್ಚಿದೆ. ಇಲ್ಲದವರಿಗೆ ಬಿಸಿ ಯಾಕೆ?"

"ಯಾರಿಲ್ಲ ಅಂತ ಗಾಳಿಗೇನು ಗೊತ್ತು? ಹೋಗೋಕೆ ದಾರಿ ಸಿಗದಿದ್ರೆ ಒಲೆ ಅತಿಯಾಗಿ ಕಾದು ತಾನೇ ಆರುತ್ತೆ."

ಅವನು ಆ ಕಿಂಡಿಗಳನ್ನು ತೆರೆದ. ಮಾಪಕದ ಮುಳ್ಳು ಇಳಿಯಿತು, ಒಲೆ ನಿಲ್ಲದೆ ಉರಿಯಿತು.

ಆಮೇಲೆ ಹನ್ನೊಂದು ವರ್ಷ, ಪ್ರತಿ ಅಕ್ಟೋಬರಿನಲ್ಲಿ ಬಂದು ನೋಡಿ, ಅವಳು ಕೊಟ್ಟ ಏಲಕ್ಕಿ ಬ್ರೆಡ್ಡು ತಿಂದು ಹೋದ. ಕಡೆಯ ಸಲ, ಮಂಡಿ ನೋವಿಗೆ ಕೆಲಸ ಬಿಡುತ್ತೇನೆಂದು ಹೇಳಿ, ಬೂಟು ಕಟ್ಟಿಕೊಳ್ಳುತ್ತಾ ಕೇಳಿದ:

"ನಾನು ಬರದಿದ್ರೆ ಆ ಕಿಂಡಿ ಮತ್ತೆ ಮುಚ್ಚಲ್ಲ ತಾನೆ, ಅಮ್ಮಾ?"