ಕೊಯ್ದ ಸೀರೆಗೆ ಮೂರನೆಯ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೇಲಂನ ಅಮ್ಮಾಪೇಟೆಯ ಓಣಿಯೊಂದರಲ್ಲಿ ಈ ತುದಿಯಿಂದ ಆ ತುದಿಗೆ ಹಾಸು ಬಿಗಿದು ನಿಂತಿದೆ. ಎರಡು ಕಲ್ಲುಕಂಬಗಳ ನಡುವೆ, ಸೊಂಟದೆತ್ತರಕ್ಕೆ, ಮುಂದೆ ಸೀರೆಯಾಗಬೇಕಾದ ಉದ್ದೆಳೆಗಳೆಲ್ಲ ಒಂದರ ಪಕ್ಕ ಒಂದು. ಕಲೈವಾಣಿ ಕುಂಚ ಹಿಡಿದು ಗಂಜಿ ಸವರುತ್ತಾ ನಡೆಯುತ್ತಿದ್ದಾರೆ. ಎದುರು ಬದಿಯಲ್ಲಿ ಅವರ ಗಂಡ ಭೂಪತಿ. ಬಿಸಿಲು ಏರುವುದರೊಳಗೆ ಕೆಲಸ ಮುಗಿಯಬೇಕು, ಇಲ್ಲವಾದರೆ ಗಂಜಿ ನೂಲಿಗೆ ಹಿಡಿಯುವ ಮೊದಲೇ ಒಣಗಿ ಉದುರುತ್ತದೆ.

ಅಷ್ಟರಲ್ಲಿ ಮಕ್ಕಳು ಬರುತ್ತಾರೆ. ಸ್ಕೂಲ್ ಯೂನಿಫಾರ್ಮ್, ಎಣ್ಣೆ ಹಚ್ಚಿದ ತಲೆ, ಒಬ್ಬಳ ಬಾಯಲ್ಲಿ ಇನ್ನೂ ಇಡ್ಲಿ. ಬಂದವರೇ ಹಾಸಿನ ಎರಡೂ ಬದಿಗೆ ನಿಂತು, ಎಲ್ಲಿ ಎಳೆ ಹರಿದಿದೆ ಎಂದು ನೋಡುತ್ತಾ ಕಟ್ಟುತ್ತಾ ಸಾಗುತ್ತಾರೆ. ಅದು ಈ ಓಣಿಯ ಮಕ್ಕಳು ಎಂದಿನಿಂದಲೂ ಮಾಡುವ ಕೆಲಸ. ಕಲೈವಾಣಿ ಅದಕ್ಕೆ ಇನ್ನೊಂದು ಕೆಲಸ ಸೇರಿಸಿದ್ದಾರೆ.

"ಎಷ್ಟ್ ಜನ ಬಂದ್ರಿ ಇವತ್ತು?"

"ಮೂರು ಜನ, ಅತ್ತೆ."

"ಅಂಗಾದ್ರೆ ಮೂರ್ಸಾಲು. ಭವ್ಯಶ್ರೀ, ನೀನ್ ಶುರು ಮಾಡ್ಲೇ. ಇಡ್ಲಿ ನುಂಗ್ಬುಟ್ಟು."

ಇದು ಪಾಠ. ಬಂದವರ ತಲೆ ಎಣಿಸಿ ಆ ದಿನದ ಪದ್ಯ ಯಾವ ಬಗೆಯದು ಎಂದು ತೀರ್ಮಾನವಾಗುತ್ತದೆ. ಇಬ್ಬರೇ ಇದ್ದರೆ ಒಗಟು: ಒಬ್ಬರು ಕೇಳಬೇಕು, ಇನ್ನೊಬ್ಬರು ಅದೇ ಲಯದಲ್ಲಿ ಬಿಡಿಸಬೇಕು. ಮೂವರಾದರೆ ತ್ರಿಪದಿ, ತಲೆಗೊಂದು ಸಾಲು. ನಾಲ್ವರಾದರೆ ಚೌಪದಿ. ದಂಡೇ ಬಂದರೆ ಸೋಬಾನೆ. ಒಬ್ಬರು ಹೇಳುವುದು, ಉಳಿದವರು ಸೊಲ್ಲು ಹಿಡಿಯುವುದು. ಮಳೆಗೋ ಪರೀಕ್ಷೆಗೋ ಹೆದರಿ ಒಂದೇ ಮಗು ಬಂದ ದಿನ ಜೋಗುಳ, ಯಾಕೆಂದರೆ ಅದೊಂದನ್ನು ಒಬ್ಬರೇ ಹಾಡಬಹುದು. ಒಬ್ಬರ ಸಾಲು ಮುರಿದರೆ ನಗುವಂತಿಲ್ಲ. ಪಕ್ಕದವರು ಅದಕ್ಕೆ ಗಂಟು ಹಾಕಿ ಮುಂದಕ್ಕೆ ಒಯ್ಯಬೇಕು, ಕೈಯಲ್ಲಿರುವ ಎಳೆಗೆ ಹಾಕುವ ಹಾಗೆಯೇ.

ಕಲೈವಾಣಿ ಹುಟ್ಟಿದ್ದು ಕಂಬೈನಲ್ಲೂರಿನ ಹತ್ತಿರದ ಹಳ್ಳಿಯಲ್ಲಿ, ಹೊಲ ಮಾಡುವ ಕನ್ನಡದವರ ಮನೆಯಲ್ಲಿ. ಕಳೆ ಕೀಳುತ್ತಾ ತಾಯಿ ಹೇಳುತ್ತಿದ್ದ ಪದಗಳೇ ಅವರ ಮೊದಲ ಪಾಠ. ಎಂಟನೆಯ ತರಗತಿಯವರೆಗೆ ಓದಿದ್ದು ತಮಿಳಿನಲ್ಲಿ. ಮದುವೆಯಾಗಿ ಸೇಲಂಗೆ ಬಂದ ಮೇಲೆ ಮಗ್ಗದ ಕೆಲಸ ಕಲಿತರು. ಈಗ ಬೆಳಿಗ್ಗೆ ಗಂಜಿ, ಮಧ್ಯಾಹ್ನ ರಾಟೆಯಲ್ಲಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವುದು, ಭೂಪತಿಗೆ ಬೆನ್ನುನೋವು ಬಂದ ದಿನ ಮಗ್ಗದ ಗುಂಡಿಗೂ ತಾವೇ ಇಳಿಯುವುದು. ಕಲೈವಾಣಿಯ ಬಲತೋಳು ಹೆಗಲಿನ ಮೇಲಕ್ಕೆ ಏಳುವುದಿಲ್ಲ. "ಎತ್ರದ ಕೆಲ್ಸ ಎಲ್ಲಾ ಇವ್ರ್ದು, ತಗ್ಗಿನ್ ಕೆಲ್ಸ ನಂದು" ಎಂದು ಗಂಡನತ್ತ ಗಲ್ಲ ತೋರುತ್ತಾರೆ.

"ಬೈಯೋದೂ ಪಾಟ್ಟಲ್ಲೇ ಬೈತಾಳೆ" ಎನ್ನುತ್ತಾರೆ ಭೂಪತಿ. "ಎರಡ್ನೇ ಸಾಲು ಬರೋದ್ರೊಳ್ಗೆ ನಾನು ಟೀ ಅಂಗಡಿಗ್ ಓಗಿರ್ತೀನಿ."

ಇಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತಮಿಳು, ತಮ್ಮತಮ್ಮಲ್ಲೂ ಹೆಚ್ಚಾಗಿ ತಮಿಳೇ. ಕನ್ನಡ ಅಕ್ಷರ ಯಾರಿಗೂ ಬಾರದು. ಕಟ್ಟಿದ ಪದವನ್ನು ಬರೆದಿಡಬೇಕೆಂದರೆ ತಮಿಳು ಅಕ್ಷರದಲ್ಲಿ ಬರೆಯುತ್ತಾರೆ. "ಪರವಾಯಿಲ್ಲ, ಎಂಗಾದ್ರೂ ಬರ್ಕೊಳ್ಳಿ" ಎನ್ನುವುದು ಕಲೈವಾಣಿಯ ಮಾತು. "ನೂಲು ಯಾವೂರ್ದಾದ್ರೇನು, ಸೀರೆ ನಮ್ದು ತಾನೆ." ಕನ್ನಡ ಅಕ್ಷರ ತಡವಾಗಿ ಕಲಿತ ನನ್ನಂಥವರಿಗೆ ಈ ಮಾತು ಬೇಗ ಒಳಗೆ ಇಳಿಯುತ್ತದೆ.

ಅವರದು ಒಂದೇ ನಿಯಮ: ತಾವಾಗಿ ಒಂದು ಸಾಲನ್ನೂ ಮಕ್ಕಳಿಗೆ ಕೊಡುವುದಿಲ್ಲ. ಕಳೆದ ವಾರ ಈ ನಿಯಮವೇ ಅವರ ಪಾಠಕ್ಕೆ ಮುಳುವಾಗುವುದರಲ್ಲಿತ್ತು.

ಓಣಿಯ ಮೇಲ್ತುದಿಯಲ್ಲಿ ವಳ್ಳಿಯಮ್ಮನವರ ಮನೆ. ಹಾಸು ಬಿಗಿಯುವ ಎರಡು ಕಂಬಗಳಲ್ಲಿ ಒಂದು ಇರುವುದು ಅವರ ಬಾಗಿಲೆದುರು, ಅವರ ಜಾಗದಲ್ಲಿ. ಅವರ ಮೊಮ್ಮಗ ಮಣಿಕಂಠನ್‌ಗೆ ಮಗಳು ಹುಟ್ಟಿದ್ದಾಳೆ. ಭಾನುವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಈ ಮನೆತನದಲ್ಲಿ ತೊಟ್ಟಿಲು ತೂಗುವಾಗ ಮಗುವಿನ ಸೋದರತ್ತೆ ತಾನೇ ಕಟ್ಟಿದ ಒಂದು ಮೂರ್ಸಾಲು ಹೇಳಬೇಕು. ಹಾಡಿಗೆ ಜನ ಇಲ್ಲದೆ ಹೋಗಿ ಇತ್ತೀಚೆಗೆ ಮೊಬೈಲ್‌ನಲ್ಲಿ ತಾಲಾಟ್ಟು ಎಂಬ ಯಾವುದೋ ತಮಿಳು ಜೋಗುಳ ಹಾಕಿ ತೂಗುವುದಾಗಿತ್ತು. ಈ ಸಲ ಸೋದರತ್ತೆ ಇದ್ದಾಳೆ: ಮಣಿಕಂಠನ್‌ನ ತಂಗಿ ಇಂದುಜಾ, ಏಳನೆಯ ತರಗತಿ, ಕಲೈವಾಣಿಯ ಪಾಠಕ್ಕೆ ತಪ್ಪದೆ ಬರುವವಳು. ಮೊಬೈಲ್ ಬೇಡ, ನಾನೇ ಹೇಳುತ್ತೇನೆ ಎಂದು ಮನೆಯಲ್ಲಿ ಹಟ ಹಿಡಿದಿದ್ದಳು.

ಗುರುವಾರ ಬೆಳಿಗ್ಗೆ ಹಾಸಿನ ಪಕ್ಕ ನಡೆಯುತ್ತಾ ಅವಳು ತನ್ನ ಪದ ಹೇಳಿದಳು:

ಅಣ್ಣಾನ ಮಗ್ಗಾದ ಬಣ್ಣಾದ ಸೀರೇಯ
ಕೊಯ್ದಾಗ ನೀನು ಬಂದ್ಯಲ್ಲ, ನನಕಂದ
ಮಗ್ಗಕ್ಕೆ ರಜೆಯ ಕೊಟ್ಟೇವು

ಉಳಿದ ಮಕ್ಕಳಿಗೆ ಬಹಳ ಹಿಡಿಸಿತು. ನೇಯ್ಗೆಯವರ ಮನೆಯಲ್ಲಿ ಸೀರೆ ಮುಗಿದು ಮಗ್ಗದಿಂದ ಕೊಯ್ಯುವ ದಿನ ಎಂದರೆ ಮಕ್ಕಳಿಗೆ ಹಬ್ಬ. ಅಪ್ಪನ ಮುಖದಲ್ಲಿ ನಗು, ಸಂಜೆಗೆ ಏನಾದರೂ ತಿಂಡಿ. ಆದರೆ ಬಾಗಿಲಲ್ಲಿ ಕುಳಿತಿದ್ದ ವಳ್ಳಿಯಮ್ಮನವರ ಕಿವಿಗೆ ಅದು ಬೇರೆಯಾಗಿಯೇ ಬಿತ್ತು.

"ತೊಟ್ಲ ಮುಂದೆ ಕೊಯ್ಯೋ ಮಾತಾ? ಮಗ್ಗ ನಿಂತೋಗಿರೋ ಮಾತಾ?" ಎಂದು ಎದ್ದು ಬಂದರು. "ಕಲೈವಾಣಿ, ನೀನೇನಾ ಇದ್ನ ಕಲ್ಸಿದ್ದು?"

"ಅವ್ಳೇ ಕಟ್ಟಿದ್ದು ದೊಡ್ಡಮ್ಮ."

"ಅಂಗಾದ್ರೆ ನೀನೊಂದು ಒಳ್ಳೇದು ಕಟ್ಕೊಡು. ಇಲ್ದಿದ್ರೆ ಮೊಬೈಲೇ ಆಡ್ಲಿ. ಅಪ್ಪುರಂ ನಮ್ ಕಂಬಕ್ಕೆ ಆಸು ಕಟ್ಟಾದೂ ಬೇಡ, ಈ ಪಾಠಾನೂ ಬೇಡ."

ಕಲೈವಾಣಿ ಒಂದು ಪದ ಕಟ್ಟಿಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುಂಚ ಗಂಜಿಯಲ್ಲಿ ಅದ್ದುವಷ್ಟು ಹೊತ್ತಿನ ಕೆಲಸ ಅವರಿಗೆ. ಕಟ್ಟಲಿಲ್ಲ. ಯಾಕೆ ಎಂದು ಆಮೇಲೆ ನಾನು ಕೇಳಿದೆ.

"ನಾನ್ ಕೊಟ್ರೆ ಆ ಹುಡ್ಗಿ ನಾಳಿಂದ ನನ್ ಬಾಯೇ ನೋಡ್ತಾಳೆ" ಎಂದರು. "ದೊಡ್ಡಮ್ಮ ಏಳಿದ್ರಲ್ಲೂ ತಪ್ಪಿಲ್ಲ. ಕೊಯ್ದು ಅಂಗೇ ಬುಟ್ರೆ ಅದು ಕೆಟ್ದೇಯ. ಆದ್ರೆ ನಮ್ ಮನೆಗಳಲ್ಲಿ ಯಾರು ಅಂಗೇ ಬುಡ್ತಾರೆ?"

ಅಂದು ಇಂದುಜಾಳನ್ನು ಅವರು ಕೇಳಿದ್ದೂ ಇದನ್ನೇ. ಹುಡುಗಿಯ ಕಣ್ಣು ತುಂಬಿತ್ತು.

"ಮೊದಲ್ನೇ ಎರಡು ಸಾಲು ಚೆನ್ನಾಗೈತೆ, ಅದ್ನ ಮುಟ್ಬ್ಯಾಡ. ಸೀರೆ ಕೊಯ್ದ ಮಾರ್ನೇ ದಿನ ನಿಮ್ಮನೇಲಿ ಯಾರು ಏನ್ ಮಾಡ್ತಾರೆ?"

"ನಾನ್ ಸ್ಕೂಲ್‌ಗ್ ಓಗಿರ್ತೀನಿ ಅತ್ತೆ."

"ನಾಳೆ ನಿಮ್ಮನೇಲಿ ಸೀರೆ ಕೊಯ್ತಾರೆ, ಶನಿವಾರ ಸ್ಕೂಲಿಲ್ಲ ತಾನೆ. ಮಗ್ಗದ್ ಮನೇಲಿ ಕುಂತ್ಕೊಂಡು ನೋಡು."

ಶನಿವಾರ ಇಂದುಜಾ ನೋಡಿದ್ದು ತನ್ನ ಅಜ್ಜಿಯನ್ನೇ. ಸೀರೆ ಕೊಯ್ದಾಗ ಹಳೆಯ ಹಾಸಿನ ತುದಿಗಳು ಮಗ್ಗದ ಬಾಚಣಿಗೆಯಂಥ ಅಚ್ಚಿನಲ್ಲಿ ಹಾಗೇ ಉಳಿದಿರುತ್ತವೆ. ಆ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಓಣಿಯಲ್ಲಿ ಈ ಕೆಲಸಕ್ಕೆ ವಳ್ಳಿಯಮ್ಮನವರದೇ ಹೆಸರು. ಕಣ್ಣು ಮಂಜಾಗಿದ್ದರೂ ಬೆರಳು ತಪ್ಪುವುದಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಬೂದಿಯ ಬಟ್ಟಲು ಹಿಡಿದಿದ್ದಳು. ಇಬ್ಬರೂ ಪದದ ವಿಷಯ ಎತ್ತಲಿಲ್ಲವಂತೆ. "ಬಟ್ಲು ಅಲ್ಲಾಡಿಸ್ಬ್ಯಾಡ ಲೇ ಅಂತ ಒಂದ್ಕಿತ ಬೈದ್ರು, ಅಷ್ಟೇ" ಎನ್ನುತ್ತಾಳೆ ಇಂದುಜಾ.

ಭಾನುವಾರ ಮನೆ ತುಂಬ ನೆಂಟರು. ಮೊಬೈಲ್ ಕೂಡ ಸಿದ್ಧವಾಗಿಯೇ ಇತ್ತು, ಮಣಿಕಂಠನ್ ಕೈಯಲ್ಲಿ. ವಳ್ಳಿಯಮ್ಮ ತೊಟ್ಟಿಲಿನ ತಲೆಗಡೆ ನಿಂತು ಮೊಮ್ಮಗಳನ್ನೇ ನೋಡುತ್ತಿದ್ದರು. ಕಲೈವಾಣಿ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದರು. ಹೊಸ ಸಾಲು ಏನೆಂದು ಅವರಿಗೂ ಗೊತ್ತಿರಲಿಲ್ಲ, ಅವರು ಕೇಳಿರಲಿಲ್ಲ. ಇಂದುಜಾ ತೊಟ್ಟಿಲ ಹಗ್ಗ ಹಿಡಿದು ಶುರು ಮಾಡಿದಳು.

ಅಣ್ಣಾನ ಮಗ್ಗಾದ ಬಣ್ಣಾದ ಸೀರೇಯ
ಕೊಯ್ದಾಗ ನೀನು ಬಂದ್ಯಲ್ಲ, ನನಕಂದ

ಇಲ್ಲಿ ಅವಳು ಉಸಿರು ತೆಗೆದುಕೊಂಡಳು. ನೆಂಟರಲ್ಲಿ ಹಿರಿಯ ಹೆಂಗಸೊಬ್ಬರು ಇನ್ನೊಬ್ಬರ ಮುಖ ನೋಡಿದರು.

ಹೊಸಹಾಸು ಕೆಚ್ಚಿ ಕುಂತೀವಿ

ವಳ್ಳಿಯಮ್ಮ ತಮ್ಮ ಬಲಗೈ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. ಹಿಂದಿನ ದಿನದ ಬೂದಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಕೊನೇ ಸಾಲು ಇನ್ನೊಂದ್ಕಿತ ಏಳ್ಲೇ" ಎಂದರು. ಇಂದುಜಾ ಮತ್ತೆ ಹೇಳಿದಳು. ಈ ಸಲ ಅಜ್ಜಿಯ ದನಿಯೂ ಜೊತೆಗಿತ್ತು, ಸ್ವಲ್ಪ ಹಿಂದೆ ಬಿದ್ದು.

ಹೊರಡುವಾಗ ಚಪ್ಪಲಿ ಹುಡುಕುತ್ತಿದ್ದ ಕಲೈವಾಣಿಗೆ ವಳ್ಳಿಯಮ್ಮ ಹೇಳಿದ್ದು ಒಂದೇ ಮಾತು. "ನಾಳೆ ಆಸು ಬೇಗ ಬಿಗೀರಿ. ಬಿಸ್ಲು ಜಾಸ್ತಿ ಐತೆ."

ಇವತ್ತು ಸೋಮವಾರ. ಹಾಸು ವಳ್ಳಿಯಮ್ಮನವರ ಕಂಬಕ್ಕೇ ಬಿಗಿದಿದೆ. ಮೂವರ ತ್ರಿಪದಿ ಮುಗಿಯುವ ಹೊತ್ತಿಗೆ ಇಂದುಜಾ ಓಡಿ ಬರುತ್ತಾಳೆ, ತಲೆ ಬಾಚದೆ. ಈಗ ನಾಲ್ವರು, ಎಲ್ಲ ಮೊದಲಿನಿಂದ ಚೌಪದಿ ಕಟ್ಟಬೇಕು ಎಂದು ಉಳಿದವರು ಗೊಣಗುತ್ತಾರೆ. ಕಲೈವಾಣಿ ಕುಂಚ ಅದ್ದಿ ನಡೆಯುತ್ತಲೇ ಇದ್ದಾರೆ. ಕಾರಿಮಂಗಲಂಗೆ ಕೊಟ್ಟಿರುವ ಅವರ ಮಗಳು ಭುವನಾಗೆ ಈಗ ಏಳು ತಿಂಗಳು. ಹೆರಿಗೆಗೆ ಇಲ್ಲಿಗೇ ಬರುತ್ತಾಳೆ. ತೊಟ್ಟಿಲಿಗೆ ನೀವೇ ಪದ ಕಟ್ಟುತ್ತೀರಲ್ಲವೇ ಎಂದು ಕೇಳುತ್ತೇನೆ.

"ನಾನ್ಯಾಕೆ?" ಎಂದು ಅವರು ಹಾಸಿನ ಆಚೆ ಈಚೆ ನಿಂತಿರುವ ನಾಲ್ವರನ್ನು ನೋಡುತ್ತಾರೆ. "ಇವ್ರ್ ಯಾರಾದ್ರೂ ಕಟ್ತಾರೆ. ನಾನು ತೊಟ್ಲ ಅಗ್ಗ ಇಡ್ಕೊಂಡು ಕೇಳ್ಬೇಕು, ಅಷ್ಟೇ ಆಸೆ."